ವಿದ್ಯುತ್ ಕಂಪನಿಯ ಗಳಿಕೆಯನ್ನು ಕೆಲಸಕ್ಕೆ ಕಟ್ಟುವ ರಾಜ್ಯ ಕಾಯ್ದೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಹಲವು ರಾಜ್ಯಗಳು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ವಿದ್ಯುತ್ ಕಂಪನಿಗಳ ದರ ನಿಗದಿಯ ಕ್ರಮವನ್ನೇ ಬದಲಿಸುವ ಕಾಯ್ದೆಗಳನ್ನು ತಂದಿವೆ. ಅವುಗಳಲ್ಲಿ ಹೆಚ್ಚು ದೂರ ಹೋಗಿರುವುದು ಹವಾಯಿ. ಹಾಗಾಗಿ ಇಲ್ಲಿನ ಹೆಚ್ಚಿನ ಉತ್ತರಗಳು ಹವಾಯಿಯನ್ನೇ ಹಿಡಿದು ಹೋಗುತ್ತವೆ. ಇಲಿನಾಯ್, ನಾರ್ತ್ ಕ್ಯಾರೊಲಿನಾ, ವಾಷಿಂಗ್ಟನ್, ಕನೆಕ್ಟಿಕಟ್ ಹೋಲಿಕೆಗೆ ಬರುತ್ತವೆ. ಕೊನೆಯ ಭಾಗದಲ್ಲಿ ಕರ್ನಾಟಕವೂ ಇದೆ.

ಕಾರ್ಯಕ್ಷಮತೆ ಆಧಾರಿತ ನಿಯಂತ್ರಣ ಎಂದರೇನು? ಹಳೆಯ ಪದ್ಧತಿಗೆ ಏನಾಗಿತ್ತು?

ಹಳೆಯ ಪದ್ಧತಿಯಲ್ಲಿ ಕಂಪನಿಗೆ ಸಿಗಬೇಕಾದ ಆದಾಯದ ಲೆಕ್ಕ ಹೀಗಿರುತ್ತದೆ: ನಿರ್ವಹಣಾ ವೆಚ್ಚ, ಸವಕಳಿ, ತೆರಿಗೆ, ಇವುಗಳ ಜೊತೆಗೆ, ಹೂಡಿದ ಬಂಡವಾಳಕ್ಕೆ ಇಂತಿಷ್ಟು ಪ್ರತಿಫಲ. ನಿರ್ವಹಣಾ ವೆಚ್ಚ ಖರ್ಚಾದಷ್ಟೇ ವಾಪಸ್ ಬರುತ್ತದೆ, ಅದರಲ್ಲಿ ಲಾಭವಿಲ್ಲ. ಲಾಭ ಬರುವುದು ಬಂಡವಾಳದಿಂದ ಮಾತ್ರ.

ಒಂದು ಫೀಡರ್ (ಸಬ್‌ಸ್ಟೇಷನ್ನಿನಿಂದ ಒಂದು ಪ್ರದೇಶಕ್ಕೆ ವಿದ್ಯುತ್ ಒಯ್ಯುವ ಲೈನ್) ಸಂಜೆ ಹೊತ್ತು ಓವರ್‌ಲೋಡ್ ಆಗುತ್ತಿದೆ ಎಂದುಕೊಳ್ಳಿ. ಕಂಪನಿಯ ಮುಂದೆ ಎರಡು ದಾರಿ. 10 ಕೋಟಿ ಡಾಲರ್ ಹಾಕಿ ಹೊಸ ಸಬ್‌ಸ್ಟೇಷನ್ ಕಟ್ಟಬಹುದು. ಇಲ್ಲವೇ ಆ ಭಾಗದ ಗ್ರಾಹಕರ ಬ್ಯಾಟರಿಗಳಿಂದ ಸಂಜೆ ಎರಡು ಗಂಟೆ ವಿದ್ಯುತ್ ಪಡೆಯಲು ವರ್ಷಕ್ಕೆ 60 ಲಕ್ಷ ಡಾಲರ್ ಕೊಡಬಹುದು. ಸಬ್‌ಸ್ಟೇಷನ್ ಹಣದಲ್ಲಿ ಅರ್ಧ ಷೇರುದಾರರದ್ದು, ಪ್ರತಿಫಲ ಶೇ. 9.5 ಎಂದಿಟ್ಟುಕೊಂಡರೆ ಮೊದಲ ವರ್ಷದ ಲಾಭವೇ 47.5 ಲಕ್ಷ ಡಾಲರ್. ಬ್ಯಾಟರಿ ದಾರಿಯಲ್ಲಿ ಲಾಭ ಸೊನ್ನೆ. ಗ್ರಾಹಕರಿಗೆ ಯಾವುದು ಅಗ್ಗವೋ ಗೊತ್ತಿಲ್ಲ, ಕಂಪನಿ ಮಾತ್ರ ಸಬ್‌ಸ್ಟೇಷನ್ನನ್ನೇ ಕೇಳುತ್ತದೆ. ಮನೆ ಕಟ್ಟುವ ಮೇಸ್ತ್ರಿಗೆ ಸಿಮೆಂಟ್ ಬಿಲ್ಲಿನ ಮೇಲೆ ಕಮಿಷನ್ ಕೊಟ್ಟರೆ ಗೋಡೆ ದಪ್ಪವಾಗುತ್ತದೆ, ಅಷ್ಟೇ. ಈ ಒಲವನ್ನು ಆವರ್ಚ್ ಮತ್ತು ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು 1962ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಹೊಸ ಪದ್ಧತಿ ಎರಡು ಕೆಲಸ ಮಾಡಲು ಹೊರಡುತ್ತದೆ. ಆದಾಯವನ್ನು ಖರ್ಚಿನಿಂದ ಬಿಡಿಸಿ ಮೊದಲೇ ಬರೆದ ಸೂತ್ರಕ್ಕೆ ಕಟ್ಟುವುದು ಒಂದು. ನಿರ್ದಿಷ್ಟ ಕೆಲಸಗಳಿಗೆ ಬಹುಮಾನ, ದಂಡ ಇಡುವುದು ಇನ್ನೊಂದು. ಸುದ್ದಿಯಾಗುವುದು ಎರಡನೆಯದು. ದುಡ್ಡು ನಿಜಕ್ಕೂ ನಿರ್ಧಾರವಾಗುವುದು ಮೊದಲನೆಯದರಲ್ಲಿ.

ಹವಾಯಿ ಕಾಯ್ದೆ ಏನು ಹೇಳುತ್ತದೆ?

2018ರ ಏಪ್ರಿಲ್‌ನಲ್ಲಿ ಗವರ್ನರ್ ಡೇವಿಡ್ ಈಗೆ ಸಹಿ ಹಾಕಿದ ಆಕ್ಟ್ 5 ಇದು. ದರ ಕಟ್ಟುವವರ ರಕ್ಷಣಾ ಕಾಯ್ದೆ ಎಂದು ಇದರ ಹೆಸರು. ಕಾಯ್ದೆ ಚಿಕ್ಕದು. ಕಂಪನಿಗೆ ಅನುಮತಿಸುವ ಆದಾಯಕ್ಕೂ ಅದು ಹೂಡುವ ಬಂಡವಾಳಕ್ಕೂ ಇರುವ ನೇರ ಕೊಂಡಿಯನ್ನು ಮುರಿಯಬೇಕು, ಆದಾಯವನ್ನು ಅಳೆಯಬಹುದಾದ ಸಾಧನೆಗಳಿಗೆ ಜೋಡಿಸಬೇಕು ಎಂದು ಅದು ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್‌ಗೆ ಆದೇಶಿಸಿತು. ಗಡುವು 2020ರ ಜನವರಿ 1.

ಶೇಕಡಾವಾರುಗಳು, ಸೂತ್ರಗಳು ಕಾಯ್ದೆಯೊಳಗೆ ಇಲ್ಲ. ಅವೆಲ್ಲ ಆಯೋಗದ ವಿಚಾರಣೆಯಲ್ಲಿ ಬಂದವು. 2019ರ ಮೇ ತಿಂಗಳಲ್ಲಿ ಮೊದಲ ಹಂತದ ಆದೇಶ, 2020ರ ಡಿಸೆಂಬರ್ 23ರಂದು ಅಂತಿಮ ಚೌಕಟ್ಟು, 2021ರ ಜೂನ್ 1ರಿಂದ ಜಾರಿ. ಗಡುವಿಗಿಂತ ಸುಮಾರು ಒಂದು ವರ್ಷ ತಡವಾದರೂ ಈ ಕ್ರಮ ಒಳ್ಳೆಯದೇ. ಗುರಿಯನ್ನು ಶಾಸಕರು ಹೇಳಿ ಅಂಕಿಗಳನ್ನು ಆಯೋಗಕ್ಕೆ ಬಿಟ್ಟರೆ, ಅಂಕಿ ತಪ್ಪಾದಾಗ ತಿದ್ದಲು ಮತ್ತೆ ವಿಧಾನಸಭೆಯ ಬಾಗಿಲು ತಟ್ಟಬೇಕಾಗಿಲ್ಲ.

ಇದು ಹವಾಯಿಯ ಎಲ್ಲ ದ್ವೀಪಗಳಿಗೂ ಅನ್ವಯಿಸುತ್ತದೆಯೇ?

ಇಲ್ಲ. ಓವಾಹು, ಮಾವಿ ಕೌಂಟಿ ಮತ್ತು ಹವಾಯಿ ದ್ವೀಪಕ್ಕೆ ವಿದ್ಯುತ್ ಕೊಡುವ ಹವಾಯಿಯನ್ ಎಲೆಕ್ಟ್ರಿಕ್ ಸಮೂಹಕ್ಕೆ ಮಾತ್ರ. ಕವಾಯಿ ದ್ವೀಪದ್ದು ಗ್ರಾಹಕರೇ ಸದಸ್ಯರಾಗಿರುವ ಸಹಕಾರ ಸಂಘ, ಅದು ಈ ಚೌಕಟ್ಟಿನ ಹೊರಗಿದೆ.

ವಾರ್ಷಿಕ ಆದಾಯದ ಸೂತ್ರ ಹೇಗೆ ಕೆಲಸ ಮಾಡುತ್ತದೆ?

2021ರಲ್ಲಿ ಶುರುವಾದ ಚೌಕಟ್ಟಿನ ಪ್ರಕಾರ, ಐದು ವರ್ಷದ ಅವಧಿಗೆ ಕಂಪನಿ ಸಾಮಾನ್ಯ ದರ ಏರಿಕೆ ಅರ್ಜಿ ಹಾಕುವಂತಿಲ್ಲ. ಬದಲಿಗೆ ಮೂಲ ಆದಾಯ ಪ್ರತಿ ವರ್ಷ ನಾಲ್ಕು ಅಂಶಗಳಿಂದ ಬದಲಾಗುತ್ತದೆ:

- ಹಣದುಬ್ಬರ ಕೂಡುತ್ತದೆ.
- ಉತ್ಪಾದಕತೆಯ ಅಂಶ ಕಳೆಯುತ್ತದೆ. ಹವಾಯಿ ಇದನ್ನು ಸೊನ್ನೆ ಎಂದು ಇಟ್ಟಿದೆ.
- ಕಂಪನಿಯ ಕೈಮೀರಿದ ಅಸಾಧಾರಣ ಘಟನೆಗಳ ವೆಚ್ಚಕ್ಕೆ ಒಂದು ಅಂಶ.
- ಗ್ರಾಹಕರ ಪಾಲು ಎಂದು ವರ್ಷಕ್ಕೆ ಶೇ. 0.22, ಚಕ್ರಗತಿಯಲ್ಲಿ ಕಳೆಯುತ್ತದೆ. ಆಡಳಿತ ಲೆಕ್ಕಪರಿಶೋಧನೆಯಲ್ಲಿ ಕಂಡುಬಂದ ಉಳಿತಾಯವನ್ನೂ ಇದಕ್ಕೆ ಸೇರಿಸಿ ಗ್ರಾಹಕರಿಗೆ ಕೊಡಬೇಕು.

ಸರಳ ಮಾಡಿ ಲೆಕ್ಕ ಹಾಕೋಣ. ಮೂಲ ಆದಾಯ 100 ಕೋಟಿ ಡಾಲರ್, ಹಣದುಬ್ಬರ ಶೇ. 2.5 ಆದರೆ ಮುಂದಿನ ವರ್ಷದ್ದು 102.28 ಕೋಟಿ. ಅದರ ಮರುವರ್ಷ ಅದೇ ದರದಲ್ಲಿ ಸುಮಾರು 104.61 ಕೋಟಿ. ಕಂಪನಿಯ ನಿಜ ವೆಚ್ಚ 101 ಕೋಟಿಗೆ ನಿಂತರೆ ಉಳಿದ 1.28 ಕೋಟಿ ಅದರದ್ದೇ. 104 ಕೋಟಿಗೆ ಏರಿದರೆ ಕೊರತೆಯೂ ಅದರದ್ದೇ. ಉಳಿತಾಯ ಸಬ್‌ಸ್ಟೇಷನ್ ಕಟ್ಟದೆ ಬಂತೋ, ವಾಹನಗಳ ಡೀಸೆಲ್‌ನಲ್ಲಿ ಬಂತೋ ಸೂತ್ರ ಕೇಳುವುದಿಲ್ಲ. ಬಂಡವಾಳ ವೆಚ್ಚ, ನಿರ್ವಹಣಾ ವೆಚ್ಚ ಎಂಬ ಭೇದ ಕರಗುವುದು ಇಲ್ಲಿಯೇ.

ಒಂದು ಕಿಂಡಿ ಮಾತ್ರ ತೆರೆದಿದೆ. ದೊಡ್ಡ ಯೋಜನೆಗಳಿಗೆ ಸೂತ್ರದ ಹೊರಗೆ ಹಣ ಕೇಳುವ ವಿಶೇಷ ವ್ಯವಸ್ಥೆಯೊಂದಿದೆ. ಅದನ್ನು ಎಷ್ಟು ಧಾರಾಳವಾಗಿ ಬಳಸಲು ಬಿಡುತ್ತಾರೆ ಎಂಬುದನ್ನು ಗಮನಿಸುತ್ತಲೇ ಇರಬೇಕು. ಪ್ರತಿಯೊಂದು ಯೋಜನೆಯೂ 'ವಿಶೇಷ' ಆಗಿಬಿಟ್ಟರೆ ಹಳೆಯ ಪದ್ಧತಿ ಹಿತ್ತಿಲ ಬಾಗಿಲಿನಿಂದ ಮನೆಗೆ ಬಂದಂತೆ.

ಲಾಭ ಮಿತಿಮೀರಿದರೆ? ನಷ್ಟ ಹೆಚ್ಚಾದರೆ?

ಹವಾಯಿಯಲ್ಲಿ ಗುರಿ ಪ್ರತಿಫಲ ಶೇ. 9.5. ಅದರ ಮೇಲೆ, ಕೆಳಗೆ ತಲಾ 300 ಬೇಸಿಸ್ ಪಾಯಿಂಟ್ ತನಕ (100 ಪಾಯಿಂಟ್ ಎಂದರೆ ಒಂದು ಶೇಕಡಾ), ಎಂದರೆ ಶೇ. 6.5ರಿಂದ 12.5ರ ನಡುವೆ, ಲಾಭವಾಗಲಿ ನಷ್ಟವಾಗಲಿ ಕಂಪನಿಗೇ. ನಂತರದ 150 ಪಾಯಿಂಟ್‌ನಲ್ಲಿ ಗ್ರಾಹಕರಿಗೆ ಅರ್ಧ, ಕಂಪನಿಗೆ ಅರ್ಧ. ಅದನ್ನೂ ದಾಟಿದರೆ ಶೇ. 90 ಗ್ರಾಹಕರ ಪಾಲು. ಒಂದು ವರ್ಷ ಪ್ರತಿಫಲ ಶೇ. 13.5 ಬಂದರೆ 12.5ರ ಮೇಲಿನ ಒಂದು ಶೇಕಡಾದಲ್ಲಿ ಅರ್ಧ ಬಿಲ್ಲಿನಲ್ಲಿ ವಾಪಸ್.

ನೆನಪಿಡಿ, ಇದು ಎರಡೂ ದಿಕ್ಕಿಗೆ ಅನ್ವಯ. ಪ್ರತಿಫಲ ಶೇ. 6.5ಕ್ಕಿಂತ ಕೆಳಗಿಳಿದರೆ ಗ್ರಾಹಕರೂ ಹೊರೆ ಹೊರುತ್ತಾರೆ.

ಶೇ. 6.5ರಿಂದ 12.5ರ ತನಕದ ಈ ಪಟ್ಟಿ ತೀರಾ ಅಗಲವಾಯಿತು ಎಂಬ ಆಕ್ಷೇಪ ಸಹಜ. ಆದರೆ ಪಟ್ಟಿ ಕಿರಿದಾದಷ್ಟೂ ಉಳಿತಾಯ ಮಾಡುವ ಆಸೆ ಬತ್ತುತ್ತದೆ. ಉಳಿಸಿದ್ದನ್ನೆಲ್ಲ ಮರುವರ್ಷವೇ ಕಿತ್ತುಕೊಳ್ಳುವುದಾದರೆ ಉಳಿಸುವವರು ಯಾರು? ನಾರ್ತ್ ಕ್ಯಾರೊಲಿನಾ ಮೇಲ್ಭಾಗದಲ್ಲಿ ಕೊಟ್ಟಿರುವುದು 50 ಪಾಯಿಂಟ್ ಮಾತ್ರ, ಅದರಾಚೆಯದ್ದೆಲ್ಲ ಗ್ರಾಹಕರಿಗೆ. ನಿಗದಿತ ಪ್ರತಿಫಲಕ್ಕಿಂತ ಕಡಿಮೆ ಬಂದರೆ ಕಂಪನಿ ಹೊಸ ದರ ಅರ್ಜಿ ಹಾಕಬಹುದು. ಕೇಳಲು ಗ್ರಾಹಕಪರ. ನಿಜದಲ್ಲಿ ಕಂಪನಿಗೆ ಏರುವ ಆಸೆಯೂ ಇಲ್ಲ, ಬೀಳುವ ಭಯವೂ ಇಲ್ಲ.

ಬಹುಮಾನ, ದಂಡಗಳು ಯಾವುದಕ್ಕೆ, ಎಷ್ಟು?

2021ರ ಚೌಕಟ್ಟಿನಲ್ಲಿ ಹವಾಯಿ ಇಟ್ಟ ಕೆಲವು:

ನವೀಕರಿಸಬಹುದಾದ ಇಂಧನ. ರಾಜ್ಯದ ಕಾನೂನು 2030ಕ್ಕೆ ಶೇ. 40, 2040ಕ್ಕೆ 70, 2045ಕ್ಕೆ 100 ಎಂದು ಗುರಿ ಇಟ್ಟಿದೆ. ಆ ಗುರಿಯ ಹಾದಿಗಿಂತ ಮುಂದೆ ಓಡಿದರೆ ಹೆಚ್ಚುವರಿ ಪ್ರತಿ ಮೆಗಾವ್ಯಾಟ್-ಗಂಟೆಗೆ ಮೊದಲ ಎರಡು ವರ್ಷ 20 ಡಾಲರ್, 2023ರಲ್ಲಿ 15, ಆಮೇಲೆ 10. ಬೇಗ ಮಾಡಿದವರಿಗೆ ಹೆಚ್ಚು ಸಿಗಲಿ ಎಂದೇ ಈ ಇಳಿಜಾರು. ಕಡ್ಡಾಯ ಗುರಿ ತಪ್ಪಿದರೆ 20 ಡಾಲರ್ ದಂಡ.

ಮನೆ ಮೇಲಿನ ಸೌರ ಫಲಕಗಳ ಜೋಡಣೆ. 100 ಕಿಲೋವ್ಯಾಟ್‌ಗಿಂತ ಚಿಕ್ಕ ಘಟಕಗಳ ಅರ್ಜಿಯಲ್ಲಿ ಕಂಪನಿಯ ಕೈಯಲ್ಲಿರುವ ಹಂತಗಳಿಗೆ ಎಷ್ಟು ದಿನ ಹಿಡಿಯುತ್ತದೆ ಎಂಬುದು ಅಳತೆ. ವರ್ಷಕ್ಕೆ 30 ಲಕ್ಷ ಡಾಲರ್ ತನಕ ಬಹುಮಾನ, 9 ಲಕ್ಷ ತನಕ ದಂಡ. 'ಕಂಪನಿಯ ಕೈಯಲ್ಲಿರುವ ಹಂತಗಳು' ಎಂಬ ಮಾತು ಮುಖ್ಯ. ಗ್ರಾಹಕರ ಗುತ್ತಿಗೆದಾರ ತಡ ಮಾಡಿದ ದಿನಗಳನ್ನು ಸೇರಿಸಿದರೆ ಅಳತೆ ಕೆಡುತ್ತದೆ. ಎಲ್ಲ ತಡವನ್ನೂ ಗುತ್ತಿಗೆದಾರನ ತಲೆಗೆ ಕಟ್ಟಲು ಬಿಟ್ಟರೂ ಕೆಡುತ್ತದೆ. ಅರ್ಜಿಯ ಪ್ರತಿ ಹಂತದಲ್ಲೂ ದಿನಾಂಕ ತಾನಾಗಿ ದಾಖಲಾಗುವ ತಂತ್ರಾಂಶ ಇದ್ದರಷ್ಟೇ ಈ ಜಗಳ ತಪ್ಪುತ್ತದೆ.

ವಿದ್ಯುತ್ ಕಡಿತಕ್ಕೆ ದಂಡ ಮಾತ್ರ, ಬಹುಮಾನವಿಲ್ಲ. ದೀಪ ಉರಿಸುವುದು ಕಂಪನಿಯ ಮೂಲ ಕರ್ತವ್ಯ. ಅದಕ್ಕೆ ಭಕ್ಷೀಸು ಕೊಡಬೇಕಾದ ಕಾರಣ ನಮಗೂ ಕಾಣುವುದಿಲ್ಲ.

ಸೈಡಿ, ಸೈಫಿ ಎಂದರೇನು? ಅದರಲ್ಲಿ ಮೋಸ ಎಲ್ಲಿ ನಡೆಯುತ್ತದೆ?

ಸೈಡಿ ಎಂದರೆ ಒಬ್ಬ ಸರಾಸರಿ ಗ್ರಾಹಕ ವರ್ಷದಲ್ಲಿ ಎಷ್ಟು ನಿಮಿಷ ಕತ್ತಲಲ್ಲಿದ್ದ ಎಂಬ ಲೆಕ್ಕ. ಸೈಫಿ ಎಂದರೆ ಎಷ್ಟು ಸಲ ಎಂಬ ಲೆಕ್ಕ. 10,000 ಗ್ರಾಹಕರಿರುವ ಊರಲ್ಲಿ 2,000 ಮನೆಗೆ 90 ನಿಮಿಷ ಕರೆಂಟು ಹೋದರೆ ಒಟ್ಟು 1,80,000 ಗ್ರಾಹಕ-ನಿಮಿಷ. ಸೈಡಿ 18 ನಿಮಿಷ, ಸೈಫಿ 0.2.

ಬಿರುಗಾಳಿಯ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ. ಎಂಜಿನಿಯರುಗಳ ಸಂಸ್ಥೆ ಐಇಇಇ ರೂಪಿಸಿದ 1366 ಮಾನದಂಡದ ಪ್ರಕಾರ ಐದು ವರ್ಷದ ದೈನಿಕ ಸೈಡಿಗಳ ಸ್ವಾಭಾವಿಕ ಲಾಗರಿದಮ್ ತೆಗೆದು, ಸರಾಸರಿಗೆ ಪ್ರಮಾಣ ವಿಚಲನೆಯ 2.5 ಪಟ್ಟು ಕೂಡಿಸಿ, ಅದನ್ನು ಮತ್ತೆ ನಿಮಿಷಕ್ಕೆ ತಿರುಗಿಸುತ್ತಾರೆ. ಆ ಮಿತಿ ಮೀರಿದ ದಿನ 'ಮಹಾ ಘಟನೆಯ ದಿನ'.

ಕೆಡುವುದು ಹೀಗೆ:

- ದಿನದ ಲೆಕ್ಕ ಮಿತಿಯ ಹತ್ತಿರ ಬಂದು ನಿಂತಾಗ, ಇನ್ನೊಂದಿಷ್ಟು ತಡವಾದರೆ ಇಡೀ ದಿನವೇ ಲೆಕ್ಕದಿಂದ ಹೊರಗೆ! ದುರಸ್ತಿ ತಡ ಮಾಡುವುದು ಲಾಭವಾಗುವ ವಿಚಿತ್ರ ಸ್ಥಿತಿ ಇದು. ಬಿಟ್ಟ ದಿನಗಳ ಪಟ್ಟಿಯನ್ನೂ ಪ್ರಕಟಿಸಬೇಕು ಎಂಬ ಷರತ್ತು ಇಲ್ಲದ ಕಾಯ್ದೆ ಅರೆಬೆಂದದ್ದು.
- ಸ್ಮಾರ್ಟ್ ಮೀಟರ್ ಬಂದ ವರ್ಷ ಸೈಡಿ ಏರುತ್ತದೆ. ಕಡಿತ ಹೆಚ್ಚಾಗಿದ್ದಲ್ಲ, ಮೊದಲು ಯಾರೂ ಫೋನ್ ಮಾಡದ ಕಡಿತಗಳು ಈಗ ದಾಖಲಾಗುತ್ತಿವೆ. ಹಳೆಯ ಅಳತೆಯ ಮೂಲಾಂಕ ಹಿಡಿದು ಹೊಸ ಅಳತೆಗೆ ದಂಡ ಹಾಕುವಂತಿಲ್ಲ.
- ಸರಾಸರಿಯ ಹಿಂದೆ ಕೆಟ್ಟ ಫೀಡರ್‌ಗಳು ಅಡಗುತ್ತವೆ. ನಗರದ ಸಾವಿರಾರು ಮನೆಗಳ ಫೀಡರ್ ಒಂದಿಷ್ಟು ಸುಧಾರಿಸಿದರೆ, ಹಳ್ಳಿಯ ಐವತ್ತು ಮನೆಗಳು ವಾರಗಟ್ಟಲೆ ನರಳಿದರೂ ಅಂಕಿ ಚಂದ ಕಾಣುತ್ತದೆ.

ಖರ್ಚು ಉಳಿಸಲು ಕಂಪನಿ ನಿರ್ವಹಣೆಯನ್ನೇ ನಿಲ್ಲಿಸಿದರೆ?

ಸೂತ್ರಕ್ಕೆ ಆದಾಯ ಕಟ್ಟಿದ ಯಾವ ಪದ್ಧತಿಗೂ ಇರುವ ಅಪಾಯ ಇದು. ಲೈನಿಗೆ ತಾಗುವ ಕೊಂಬೆ ಕಡಿಯುವುದನ್ನು ಈ ವರ್ಷ ಮುಂದೂಡಿದರೆ ಈ ವರ್ಷವೇ ಲಾಭ, ಅದರ ಫಲ ಕಾಣುವುದು ಎರಡು ಮೂರು ವರ್ಷದ ಮೇಲೆ. ಅವಧಿಯ ಕೊನೆಯ ವರ್ಷ ಇನ್ನೊಂದು ಚಾಳಿ ಕಾಣಿಸುತ್ತದೆ: ಮುಂದೂಡಿದ ಕೆಲಸಗಳನ್ನೆಲ್ಲ ಆಗ ತಂದು ಹೊಸ ಮೂಲ ವೆಚ್ಚವನ್ನು ಉಬ್ಬಿಸುವುದು. ಹಾಗಾಗಿ ಸೈಡಿಯ ಜೊತೆಗೆ ಕೆಲಸದ ಪ್ರಮಾಣವನ್ನೂ ಕೇಳಬೇಕು. ಎಷ್ಟು ಮೈಲಿ ಲೈನ್ ಸವರಿದರು, ಎಷ್ಟು ಕಂಬ ಪರೀಕ್ಷಿಸಿದರು, ಪರೀಕ್ಷೆಯಲ್ಲಿ ಬಿದ್ದ ಕಂಬಗಳಲ್ಲಿ ಎಷ್ಟು ಬದಲಾದವು.

ಮಾವಿಯ ಕಾಡ್ಗಿಚ್ಚು ಈ ಪದ್ಧತಿಯ ಬಗ್ಗೆ ಏನು ಹೇಳುತ್ತದೆ?

2023ರ ಆಗಸ್ಟ್‌ನಲ್ಲಿ ಮಾವಿಯ ಲಹೈನಾ ಊರಿಗೆ ಬಿದ್ದ ಬೆಂಕಿಯ ನಂತರ ಹವಾಯಿಯನ್ ಎಲೆಕ್ಟ್ರಿಕ್‌ನ ಸಾಲದ ರೇಟಿಂಗ್ ಜಂಕ್ ಮಟ್ಟಕ್ಕೆ, ಎಂದರೆ ಸಾಲ ಕೊಡುವುದು ಅಪಾಯ ಎನ್ನುವ ಮಟ್ಟಕ್ಕೆ, ಕುಸಿಯಿತು. ಶೇ. 6.5ರಿಂದ 12.5ರ ಪಟ್ಟಿಯನ್ನು ಹಾಕಿದವರು ಇಷ್ಟು ದೊಡ್ಡ ಹೊಣೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಳತೆಗಳ ದೃಷ್ಟಿಯಿಂದ ಇನ್ನೊಂದು ತೊಡಕು. ಗಾಳಿ ಜೋರಾದಾಗ ಬೆಂಕಿ ತಪ್ಪಿಸಲು ಮುಂಚಿತವಾಗಿ ಲೈನ್ ಬಂದ್ ಮಾಡುವ ಕ್ರಮವನ್ನು ಕಂಪನಿ 2024ರ ಜುಲೈನಲ್ಲಿ ಶುರುಮಾಡಿತು. ಸೈಡಿಯ ಕಣ್ಣಿಗೆ ಅದೂ ಕಡಿತವೇ. ಅದನ್ನು ಲೆಕ್ಕಕ್ಕೆ ಹಿಡಿದರೆ ಸುರಕ್ಷತೆಗೆ ದಂಡ ಹಾಕಿದಂತೆ. ಪೂರ್ತಿ ಬಿಟ್ಟರೆ ಅನುಮಾನ ಬಂದಾಗಲೆಲ್ಲ ಸ್ವಿಚ್ ಆರಿಸುವುದು ಅಗ್ಗದ ದಾರಿ. ಇಂಥ ಕಡಿತಗಳಿಗೆ ಬೇರೆಯೇ ಖಾತೆ ಇಟ್ಟು, ಎಷ್ಟು ಗ್ರಾಹಕರು, ಎಷ್ಟು ಹೊತ್ತು, ಎಷ್ಟು ಮುಂಚೆ ತಿಳಿಸಿದರು ಎಂದು ವರದಿ ಕೇಳುವುದು ವಾಸಿ.

ಬಿಲ್ ಕಡಿಮೆಯಾಗುತ್ತದೆಯೇ?

ಖಾತರಿ ಇಲ್ಲ. ಸೂತ್ರ ಹಿಡಿಯುವುದು ಮೂಲ ಆದಾಯವನ್ನು ಮಾತ್ರ. ಹವಾಯಿಯ ಬಿಲ್ಲಿನಲ್ಲಿ ತೈಲದ ವೆಚ್ಚ ಬೇರೆ ಸಾಲಿನಲ್ಲಿ ಬರುತ್ತದೆ. ತೈಲ ಬೆಲೆ ಏರಿಳಿತದಲ್ಲಿ ಶೇ. 98 ಗ್ರಾಹಕರಿಗೆ, ಕಂಪನಿಯ ಪಾಲು ಶೇ. 2, ಅದಕ್ಕೂ ಗರಿಷ್ಠ ಮಿತಿಯಿದೆ. ಬ್ಯಾರಲ್ ಬೆಲೆ ಹಾರಿದ ವರ್ಷ ಬಿಲ್ ನೋಡಿ ಹೊಸ ಪದ್ಧತಿಯನ್ನು ಬೈಯುವುದೂ ತಪ್ಪು, ಇಳಿದ ವರ್ಷ ಹೊಗಳುವುದೂ ತಪ್ಪು.

ಬೇರೆ ರಾಜ್ಯಗಳ ಕಾಯ್ದೆಗಳು ಹೇಗಿವೆ?

ಇಲಿನಾಯ್ ಕಥೆ ಉಳಿದವಕ್ಕಿಂತ ಪಾಠ ಹೆಚ್ಚಿರುವಂಥದ್ದು. 2011ರ ಕಾಯ್ದೆಯಲ್ಲಿ ಗ್ರಿಡ್ ಸುಧಾರಣೆಯ ಗುರಿಗಳಿದ್ದವು, ತಪ್ಪಿದರೆ ದಂಡವೂ ಇತ್ತು. ಆದರೆ ವೆಚ್ಚ ಪ್ರತಿ ವರ್ಷ ಸೂತ್ರದಂತೆ ವಾಪಸ್ ಬರುತ್ತಿತ್ತು, ಪ್ರತಿಫಲ ದರ 30 ವರ್ಷದ ಸರ್ಕಾರಿ ಬಾಂಡ್‌ನ ಬಡ್ಡಿಗೆ 580 ಬೇಸಿಸ್ ಪಾಯಿಂಟ್ ಸೇರಿಸಿದ್ದು. ಗುರಿಗಳ ಪಟ್ಟಿ ಎಷ್ಟೇ ಉದ್ದವಿರಲಿ, ಖರ್ಚು ಮಾಡಿದಷ್ಟೂ ಗಳಿಕೆ ಎಂಬ ಮೂಲ ಹಾಗೇ ಉಳಿಯಿತು. ಆಮೇಲೆ ಷಿಕಾಗೊ ಭಾಗಕ್ಕೆ ವಿದ್ಯುತ್ ಕೊಡುವ ಕಾಮ್‌ಎಡ್ ಕಂಪನಿಯ ಲಂಚ ಪ್ರಕರಣ ಹೊರಬಂದು 2020ರಲ್ಲಿ ಅದು 20 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. 2021ರ ಸೆಪ್ಟೆಂಬರ್‌ನ ಹವಾಮಾನ ಮತ್ತು ಉದ್ಯೋಗ ಕಾಯ್ದೆ ನಾಲ್ಕು ವರ್ಷದ ದರ ಯೋಜನೆಗೆ ದಾರಿ ತೆರೆಯಿತು. ಸಾಧನೆಯ ಅಳತೆಗಳು ಒಟ್ಟು 20ರಿಂದ 60 ಬೇಸಿಸ್ ಪಾಯಿಂಟ್ ತನಕ ಪ್ರತಿಫಲವನ್ನು ಏರಿಸಬಹುದು, ಇಳಿಸಬಹುದು. 400 ಕೋಟಿ ಡಾಲರ್ ಷೇರುದಾರ ಬಂಡವಾಳಕ್ಕೆ 20 ಪಾಯಿಂಟ್ ಎಂದರೆ 80 ಲಕ್ಷ ಡಾಲರ್. 2023ರ ಡಿಸೆಂಬರ್‌ನಲ್ಲಿ ಆಯೋಗ ಕಾಮ್‌ಎಡ್ ಮತ್ತು ಅಮೆರೆನ್ ಕಂಪನಿಗಳ ಗ್ರಿಡ್ ಯೋಜನೆಗಳನ್ನೇ ತಿರಸ್ಕರಿಸಿ, ಪ್ರತಿಫಲವನ್ನು ಕ್ರಮವಾಗಿ ಶೇ. 8.905 ಮತ್ತು 8.72ಕ್ಕೆ ನಿಲ್ಲಿಸಿತು. ಷಿಕಾಗೊ ಸುತ್ತ ಇರುವ ಕನ್ನಡಿಗರ ಬಿಲ್ಲಿಗೆ ನೇರ ತಟ್ಟಿದ ತೀರ್ಪು ಅದು.

ನಾರ್ತ್ ಕ್ಯಾರೊಲಿನಾದ 2021ರ ಎಚ್‌ಬಿ 951 ಎಂಬ ಕಾಯ್ದೆಯಲ್ಲಿ ಯೋಜನೆ ಗರಿಷ್ಠ 36 ತಿಂಗಳು. ಬಹುಮಾನ-ದಂಡಗಳ ಒಟ್ಟು ಮೊತ್ತ ವಾರ್ಷಿಕ ಆದಾಯದ ಶೇ. 1 ದಾಟುವಂತಿಲ್ಲ. ಮುಂದಿನ ವರ್ಷಗಳ ಬಂಡವಾಳ ಯೋಜನೆಗಳನ್ನು ಮೊದಲೇ ದರಕ್ಕೆ ಸೇರಿಸಿಕೊಳ್ಳುವ ಅವಕಾಶವಿದೆ. ನಮ್ಮ ಮಟ್ಟಿಗೆ ಇದು ಹೆಸರಿನಲ್ಲಿ ಕಾರ್ಯಕ್ಷಮತೆ, ಒಳಗೆ ಬಹುವರ್ಷ ದರ.

ವಾಷಿಂಗ್ಟನ್ 2021ರಲ್ಲಿ ಎರಡರಿಂದ ನಾಲ್ಕು ವರ್ಷದ ದರ ಯೋಜನೆಯನ್ನು ಕಡ್ಡಾಯ ಮಾಡಿತು. ಪ್ರತಿಫಲ ಅನುಮತಿಗಿಂತ ಶೇ. 0.5ಕ್ಕಿಂತ ಹೆಚ್ಚಾದರೆ ಆ ಹಣ ಗ್ರಾಹಕರಿಗಾಗಿ ತೆಗೆದಿಡಬೇಕು.

ಕನೆಕ್ಟಿಕಟ್‌ನಲ್ಲಿ ಕಾಯ್ದೆ ಹುಟ್ಟಿದ್ದು 2020ರ ಇಸಾಯಸ್ ಚಂಡಮಾರುತದ ಸಿಟ್ಟಿನಿಂದ. 96 ಗಂಟೆ ದಾಟಿ ಕರೆಂಟು ಬರದಿದ್ದರೆ ದಿನಕ್ಕೆ 25 ಡಾಲರ್, ಕೆಟ್ಟ ಆಹಾರ ಮತ್ತು ಔಷಧಿಗೆ 250 ಡಾಲರ್.

ಕರ್ನಾಟಕದಲ್ಲಿ ಇಂಥದ್ದು ಇದೆಯೇ?

ಅಂಶಗಳಿವೆ, ಪೂರ್ತಿ ವ್ಯವಸ್ಥೆ ಇಲ್ಲ. ಕೇಂದ್ರದ 2003ರ ವಿದ್ಯುಚ್ಛಕ್ತಿ ಕಾಯ್ದೆಯ 61ನೇ ಕಲಂ ದಕ್ಷತೆಗೆ ಪ್ರತಿಫಲ ಮತ್ತು ಬಹುವರ್ಷ ದರ ತತ್ವ ಎರಡನ್ನೂ ಹೇಳುತ್ತದೆ. 57ನೇ ಕಲಂ ಸೇವಾ ಮಾನದಂಡ ತಪ್ಪಿದರೆ ಗ್ರಾಹಕರಿಗೆ ಪರಿಹಾರ ಎನ್ನುತ್ತದೆ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ 2006ರಲ್ಲೇ ಬಹುವರ್ಷ ದರದ ನಿಯಮ ತಂದಿತು, ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳಿಗೆ ವಿತರಣಾ ನಷ್ಟದ (ಕಳಿಸಿದ ವಿದ್ಯುತ್ತಿನಲ್ಲಿ ಬಳಕೆಯ ಲೆಕ್ಕಕ್ಕೆ ಸಿಗದ ಪಾಲಿನ) ಗುರಿ ಹಾಕುತ್ತ ಬಂದಿದೆ.

ಆದರೆ ಎರಡು ಕಡೆ ಹವಾಯಿಯ ಪಾಠ ನೇರವಾಗಿ ಕೂರುವುದಿಲ್ಲ. ಮೊದಲನೆಯದು, ಎಸ್ಕಾಂಗಳು ಸರ್ಕಾರದವು. ಶೇ. 15.5 ಪ್ರತಿಫಲ ಎಂದು ಬರೆದರೂ ನಿವ್ವಳ ಬಂಡವಾಳ ಸೊನ್ನೆಗಿಂತ ಕೆಳಗಿದ್ದರೆ ಅದು ಯಾವುದರ 15.5? ಲಾಭದ ಆಸೆಯಿಂದ ಓಡುವ ಷೇರುದಾರನೇ ಇಲ್ಲದ ಕಡೆ ಬಹುಮಾನದ ಸೂತ್ರ ಯಾರ ಕಿವಿಗೆ ಬೀಳಬೇಕು?

ಎರಡನೆಯದು ಅಳತೆ. 10 ಎಚ್‌ಪಿ ತನಕದ ಐಪಿ ಸೆಟ್‌ಗಳ (ನೀರಾವರಿ ಪಂಪ್‌ಸೆಟ್) ಬಳಕೆಯಲ್ಲಿ ಬಹುಪಾಲು ಮೀಟರ್ ಓದಿನಿಂದ ಬರುವುದಿಲ್ಲ, ಅಂದಾಜಿನಿಂದ ಬರುತ್ತದೆ. ಆ ಅಂದಾಜನ್ನು ಮೇಲಕ್ಕೆ ಎಳೆದರೆ ವಿತರಣಾ ನಷ್ಟ ತಾನಾಗಿ ಕೆಳಗಿಳಿಯುತ್ತದೆ, ಸಬ್ಸಿಡಿ ಬೇಡಿಕೆ ಮೇಲೇರುತ್ತದೆ. ಹೊಲದಲ್ಲಿ ಒಂದು ಟ್ರಾನ್ಸ್‌ಫಾರ್ಮರೂ ಬದಲಾಗದೆ ಗುರಿ ಮುಟ್ಟಬಹುದು! ಕೃಷಿ ಫೀಡರ್ ಬೇರ್ಪಡಿಸಿ ಫೀಡರ್ ಮಟ್ಟದ ಮೀಟರ್ ಓದು ಪ್ರಕಟಿಸುವ ತನಕ ನಷ್ಟದ ಮೇಲೆ ಬಹುಮಾನ ಇಡುವುದು ದುಡುಕು.

ಇಂಥ ಮಸೂದೆಯ ಕರಡು ಕೈಗೆ ಬಂದರೆ ಮೊದಲು ಏನು ಓದಬೇಕು?

ಅಳತೆಗಳ ಅನುಬಂಧ ಕೊನೆಗಿರಲಿ. ಮೊದಲು ಆದಾಯ ಹೇಗೆ ಬದಲಾಗುತ್ತದೆ ಎಂಬ ಕಲಂ ಹುಡುಕಿ: ಸೂಚ್ಯಂಕದಿಂದಲೋ, ಕಂಪನಿಯದೇ ಮುನ್ನಂದಾಜಿನಿಂದಲೋ. ಮುನ್ನಂದಾಜಾದರೆ, ಕಟ್ಟದ ಯೋಜನೆಯ ಹಣ ವಾಪಸ್ ಬರುತ್ತದೆಯೇ ನೋಡಿ. ಆಮೇಲೆ ಸೂತ್ರದ ಹೊರಗಿನ ವಸೂಲಿಗಳ ಪಟ್ಟಿ. ನಂತರ ಲಾಭ ಹಂಚಿಕೆಯ ಪಟ್ಟಿಯ ಅಗಲ, ಅದು ಎರಡೂ ದಿಕ್ಕಿಗಿದೆಯೇ ಎಂಬುದು. ಬಹುಮಾನಗಳಿಗೆ ಬಂದಾಗ ಪ್ರತಿಯೊಂದಕ್ಕೂ ಕನಿಷ್ಠ ಮೂರು ವರ್ಷದ ಹಿಂದಿನ ದತ್ತಾಂಶ ಇದೆಯೇ, ಅದನ್ನು ಕಂಪನಿಯಲ್ಲದೆ ಬೇರೆ ಯಾರಾದರೂ ಪರಿಶೀಲಿಸಿದ್ದಾರೆಯೇ ಕೇಳಿ. ದತ್ತಾಂಶವಿಲ್ಲದ ಅಳತೆಯನ್ನು ಒಂದೆರಡು ವರ್ಷ ಬರೀ ವರದಿಗೆ ಇಟ್ಟು ಆಮೇಲೆ ಹಣಕ್ಕೆ ಕಟ್ಟುವುದು ಸರಿ.

ಸಾಮಾನ್ಯ ಗ್ರಾಹಕ ಏನು ಮಾಡಬಹುದು?

ದರ ಆದೇಶದ ಮುಂಚೆ ಆಕ್ಷೇಪಣೆಗೆ ಅವಕಾಶ ಅಲ್ಲೂ ಇದೆ, ಇಲ್ಲೂ ಇದೆ. ಕರ್ನಾಟಕದಲ್ಲಿ ಎಸ್ಕಾಂ ಅರ್ಜಿಯ ಸಾರಾಂಶ ಪತ್ರಿಕೆಗಳಲ್ಲಿ ಪ್ರಕಟವಾದ ಮೇಲೆ ನಿಗದಿತ ದಿನದೊಳಗೆ ಕೆಇಆರ್‌ಸಿಗೆ ಲಿಖಿತ ಆಕ್ಷೇಪಣೆ ಕೊಟ್ಟು ಸಾರ್ವಜನಿಕ ವಿಚಾರಣೆಯಲ್ಲಿ ಮಾತಾಡಬಹುದು. ಕಾಯ್ದೆಯ 64ನೇ ಕಲಂ ಪ್ರಕಾರ ಆಯೋಗ ಅರ್ಜಿ ಬಂದ 120 ದಿನದಲ್ಲಿ ತೀರ್ಮಾನಿಸಬೇಕು. 'ದರ ಏರಿಸಬೇಡಿ' ಎಂದಷ್ಟೇ ಬರೆದರೆ ಆದೇಶದಲ್ಲಿ ಒಂದು ಸಾಲಿನ ಉತ್ತರ ಸಿಗುತ್ತದೆ. ಕೋಷ್ಟಕದ ಸಂಖ್ಯೆ ಹಿಡಿದು, ಹಿಂದಿನ ವರ್ಷ ಅನುಮೋದಿಸಿದ ಬಂಡವಾಳ ವೆಚ್ಚದಲ್ಲಿ ಖರ್ಚಾದದ್ದೆಷ್ಟು, ಅದರಿಂದ ಯಾವ ಫೀಡರ್‌ನ ಕಡಿತ ಎಷ್ಟು ನಿಮಿಷ ಇಳಿಯಿತು ಎಂದು ಕೇಳಿದರೆ ಎಸ್ಕಾಂ ಲಿಖಿತವಾಗಿ ಉತ್ತರ ಕೊಡಬೇಕಾಗುತ್ತದೆ.